ಅಬೆನಾ ಅಗೆದ ಜಾಗ

ಕಳೆದ ವಾರ ಆಸ್ಟ್ರೇಲಿಯಾದ ಪರ್ತ್‌ನ ಬೆಂಟ್ಲಿ ಬಡಾವಣೆಯಲ್ಲಿ, ಗೆಳೆಯರ ಮನೆಯ ಬಾರ್ಬೆಕ್ಯೂ ಊಟದಲ್ಲಿ, ಒಬ್ಬ ಆಂಟಿ ಸುದರ್ಶನನನ್ನು ಕೇಳಿದರು: 'ನಮ್ಮ ಮಗಳೂ ವಾಲಂಟಿಯರ್ ಆಗಿ ಘಾನಾಕ್ಕೆ ಹೋಗ್ತಾಳಂತಪ್ಪ. ಅಲ್ಲಿನ ಮಕ್ಕಳಿಗೆ ಏನು ಹೇಳ್ಕೊಟ್ರೆ ಉಪಯೋಗ ಆಗುತ್ತೆ?'

ಸುದರ್ಶನ ತಟ್ಟೆ ಕೆಳಗಿಟ್ಟು ಕಾರಿನ ಕಡೆ ನಡೆದ. ಆಂಟಿಗೆ ಬೇಜಾರಾಯಿತು. ಅವನ ಪರವಾಗಿ ಅಲ್ಲಿ ನಾನೇನೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಾವಿಬ್ಬರೂ ಜಿಯಾಲಜಿಸ್ಟ್‌ಗಳು. ಕೆಲಸ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ, ಒಂದು ಚಿನ್ನದ ಗಣಿಯಲ್ಲಿ. ಕೆಲವು ವಾರ ಅಲ್ಲಿ, ಕೆಲವು ವಾರ ಪರ್ತ್‌ನಲ್ಲಿ. ಗಣಿಯ ಪಕ್ಕದ ಹಳ್ಳಿಯ ಶಾಲೆಗೆ ವಿಜ್ಞಾನದ ಮೇಷ್ಟ್ರಿರಲಿಲ್ಲ. ಶನಿವಾರ ನಾವು ಹೋಗಿ ಪಾಠ ಮಾಡುತ್ತಿದ್ದೆವು. (ಸಂಬಳವಿಲ್ಲದ ಕೆಲಸಕ್ಕೆ ಹೆಮ್ಮೆ ಸ್ವಲ್ಪ ಜಾಸ್ತಿಯೇ.)

ಪುಸ್ತಕವೇ ಇಲ್ಲದ ಮಕ್ಕಳಿಗೆ ಏನು ಕಲಿಸುವುದು? ಕಾಲ ಕೆಳಗಿನ ಕಲ್ಲನ್ನೇ ಕಲಿಸಿದೆವು. ಬಿಳಿ ಕ್ವಾರ್ಟ್ಜ್ ಕಲ್ಲು ಯಾವುದು, ಅದರಲ್ಲಿ ತುಕ್ಕಿನ ಬಣ್ಣ ಕಂಡರೆ ಚಿನ್ನ ಯಾಕೆ ಇರಬಹುದು, ಆ ಬಿಳಿ ಪಟ್ಟೆ ನೆಲದಡಿ ಯಾವ ಕಡೆಗೆ ಇಳಿಯುತ್ತದೆ. ಹದಿಮೂರರ ಅಬೆನಾ ಎಲ್ಲರಿಗಿಂತ ಮುಂದಿದ್ದಳು. ಸುದರ್ಶನ ಅವಳ ಅಮ್ಮನನ್ನು ಕರೆಸಿ, ಊರವರ ಎದುರಿಗೇ ಹೊಗಳಿದ್ದ.

ಆ ಊರಿನಲ್ಲಿ ಕದ್ದು ಚಿನ್ನ ಅಗೆಯದ ಮನೆಯೇ ಇಲ್ಲ. ಇದು ನಮಗೆ ಗೊತ್ತಿತ್ತು.

ಒಂದು ದಿನ ಅಬೆನಾ ತೊರೆಯ ದಂಡೆಯಲ್ಲಿ ಅಂಥದೇ ಬಿಳಿ ಪಟ್ಟೆಯನ್ನು ಹುಡುಕಿ, ತಮ್ಮಂದಿರ ಜೊತೆ ಅಗೆದಳು. ಹೊಂಡದ ಗೋಡೆಗೆ ಮರದ ಆಸರೆ ಕೊಡಬೇಕೆಂದು ನಾವು ಹೇಳಿಕೊಟ್ಟಿರಲಿಲ್ಲ. ಕಲ್ಲಿನ ಪಾಠದಲ್ಲಿ ಅದು ಬರುವುದಿಲ್ಲ. ಮಣ್ಣು ಕುಸಿದಾಗ ತಮ್ಮಂದಿರು ಮೇಲಿದ್ದರು. ಅವಳು ಕೆಳಗಿದ್ದಳು.

ನಾವು ಹೋಗುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿ ಆಗಿತ್ತು. ಅಮ್ಮ ಮೊದಲು ನಮಗೆ ನೀರು ಕೊಟ್ಟರು. ಬಂದವರು ನೀರು ಕುಡಿದ ಮೇಲೆಯೇ ಅಲ್ಲಿ ಮಾತು. ಕುಡಿದೆವು. ಆಮೇಲೆ ಇಂಗ್ಲಿಷಿನಲ್ಲಿ, ನಿಧಾನವಾಗಿ ಕೇಳಿದರು: 'ಅವಳು ಅಗೆದ ಜಾಗ ಸರಿಯಿತ್ತಾ, ಸರ್?'

ಹೌದು ಎಂದರೆ ತಮ್ಮಂದಿರು ನಾಳೆಯೇ ಇಳಿಯುತ್ತಾರೆ. ಇಲ್ಲ ಎಂದರೆ ಮಗಳು ಸುಮ್ಮನೆ ಸತ್ತಳು. ನೀವಾದರೆ ಏನು ಹೇಳುತ್ತಿದ್ದಿರಿ?

ನಾವು ಹೊಂಡವನ್ನು ನೋಡಿಯೇ ಬಂದಿದ್ದೆವು. ಜಾಗ ಸರಿಯಾಗಿತ್ತು.

'ಇಲ್ಲ. ಬರೀ ಕಲ್ಲು' ಎಂದ ಸುದರ್ಶನ.

ಆಕೆ ಅವನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. 'ಅಬೆನಾ ಗುರುತು ಮಾಡಿದ್ರೆ ಅದು ಸರಿಯೇ ಇರುತ್ತೆ, ಸರ್.'

ಮಾರನೆಯ ಬೆಳಿಗ್ಗೆ ಗಣಿಗೆ ಹೋಗುವಾಗ ತೊರೆಯ ಕಡೆಯಿಂದ ಪಿಕಾಸಿಯ ಸದ್ದು ಕೇಳಿಸಿತು.

ಅಷ್ಟು ಚೆನ್ನಾಗಿ ಕಲಿತವಳನ್ನು ಬಿಟ್ಟು ನಮ್ಮ ಮಾತನ್ನು ಅವರು ಯಾಕೆ ನಂಬಬೇಕು?