ಕಸ್ತೂರಿಬಾಯಿ ಘಾಟ ಏರಿದ್ದು

ಕಸ್ತೂರಿಬಾಯಿ ಸಿಸ್ಟರ್ ಅವರ ಸೈಕಲ್ಲಿಗೆ ಗಂಟೆಯೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ಎರಡರ ಕೆಲಸವನ್ನೂ ಅವರ ಬಾಯಿಯೇ ಮಾಡುತ್ತಿತ್ತು. ಹುಮನಾಬಾದಿನ ನಮ್ಮ ಓಣಿಯ ತಿರುವಿನಲ್ಲಿ "ಸರೀರಿ, ಹಾದಿ ಬಿಡ್ರಿ" ಎಂಬ ಕೂಗು ಕೇಳಿತೆಂದರೆ ಎಮ್ಮೆ, ಮುದುಕರು, ಕಾಯಿಪಲ್ಯದ ಬುಟ್ಟಿಯವರು ಎಲ್ಲರೂ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಹಿಂದೆಯೇ ಬಿಳಿ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಗಟ್ಟಿ ಹೆಂಗಸೊಬ್ಬಳು ಸೈಕಲ್ ಮೇಲೆ ಹಾದುಹೋಗುತ್ತಿದ್ದಳು. ಕ್ಯಾರಿಯರಿಗೆ ಲಸಿಕೆಯ ಡಬ್ಬಿ ಬಿಗಿದಿರುತ್ತಿತ್ತು. ಅದನ್ನು ಕಂಡ ಮಕ್ಕಳು ಕಣಜದ ಹಿಂದೆ, ಮಂಚದ ಕೆಳಗೆ ಎಲ್ಲೆಂದರಲ್ಲಿ ಮಾಯವಾಗುತ್ತಿದ್ದವು.

ಅದು ತೊಂಬತ್ತರ ದಶಕ. ಸರ್ಕಾರಿ ನರ್ಸಾಗಿದ್ದ ಅವರ ಪಾಲಿಗೆ ಹುಡಗಿ ಎಂಬ ಊರು ಮತ್ತು ಅದರ ಸುತ್ತಲಿನ ಹಳ್ಳಿಗಳು ಬರುತ್ತಿದ್ದವು. ಬಸ್ಸಿಗೆ ಕಾಯುವುದೆಂದರೆ ಅವರಿಗೆ ಮೈ ಉರಿ. "ಕುಂತ್ರ ಏನ್ ಆಗತದ?" ಎಂಬುದು ಅವರ ಬಾಯಿಪಾಠ. ಮದುವೆ ಮನೆಯಲ್ಲೂ ಅವರು ನಿಂತೇ ಉಣ್ಣುತ್ತಿದ್ದರು. ಪಕ್ಕದ ಮನೆಯವಳಾದ ನಾನು ಇಪ್ಪತ್ತು ವರ್ಷ ಅವರಿಗೆ ಚಹಾ ಕೊಟ್ಟಿದ್ದೇನೆ. ಒಮ್ಮೆಯಾದರೂ ಕುರ್ಚಿಯ ಮೇಲೆ ಕೂತು ಕುಡಿದದ್ದು ನೆನಪಿಲ್ಲ. ಹೊಸ್ತಿಲಲ್ಲಿ ನಿಂತು, ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಸೊರ್ ಎಂದು ಎಳೆದು, ನನ್ನ ಅತ್ತೆಗೆ ಒಂದು ಮಾತು ಚುಚ್ಚಿ ಹೊರಟುಬಿಡುತ್ತಿದ್ದರು. ನನ್ನ ಅತ್ತೆ ಹೆದರುತ್ತಿದ್ದುದು ಇಡೀ ಊರಿನಲ್ಲಿ ಅವರೊಬ್ಬರಿಗೇ. ನನಗೆ ಅವರ ಮೇಲೆ ಪ್ರೀತಿ ಹುಟ್ಟಲು ಅಷ್ಟೇ ಸಾಕಾಗಿತ್ತು.

ಅವರ ತವರು ಬಸವಕಲ್ಯಾಣ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಪ್ರತಿವರ್ಷ ಸೀಗಿ ಹುಣ್ಣಿಮೆಗೆ ಬಸವಕಲ್ಯಾಣದಿಂದ ತುಳಜಾಪುರದ ಅಂಬಾಭವಾನಿಗೆ ಒಂದು ತಂಡ ಬರಿಗಾಲಿನಲ್ಲಿ ನಡೆದು ಹೋಗುತ್ತದೆ. ನಾವೆಲ್ಲ ಬಾಯಿ ಎಂದೇ ಕರೆಯುತ್ತಿದ್ದ ಅವರು ಆ ತಂಡದ ಮುಂದಿನ ಸಾಲಿನವರು, ನಾನು ಅವರ ಹಿಂದೆ ನಡೆಯುವವಳು. ಅವರು ಹೋಗುತ್ತಿದ್ದುದಕ್ಕೊಂದು ಕಾರಣವಿತ್ತು. ಹುಡಗಿಯಲ್ಲಿ ಒಬ್ಬ ಕೂಲಿಯವನ ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲದೆ, ಎತ್ತಿನ ಗಾಡಿಯಲ್ಲಿ ಹುಮನಾಬಾದಿನ ಆಸ್ಪತ್ರೆಗೆ ತರುವಾಗ ದಾರಿಯುದ್ದಕ್ಕೂ ಆಕೆಯ ಹೊಟ್ಟೆಯನ್ನು ಒತ್ತಿ ಹಿಡಿದು ಕೂತವರು ಬಾಯಿ. ಕೈ ಸೋತಾಗ ದೇವಿಗೆ ಹೇಳಿಕೊಂಡರಂತೆ: ಇವಳನ್ನು ಉಳಿಸು, ನನ್ನ ಕಾಲು ಆಡುವ ತನಕ ವರ್ಷಕ್ಕೊಮ್ಮೆ ನಾನೇ ನಿನ್ನ ಬಳಿ ಬರುತ್ತೇನೆ, ಇನ್ನೊಬ್ಬರ ಮೇಲೆ ಭಾರ ಹಾಕಿ ಬರುವುದಿಲ್ಲ. ತಾಯಿ ಮಗು ಇಬ್ಬರೂ ಉಳಿದರು. ಆ ಮೇಲೆ ಬಾಯಿ ಒಂದು ವರ್ಷವೂ ತಪ್ಪಿಸಲಿಲ್ಲ.

ನಿವೃತ್ತಿಯಾಗುವ ಹೊತ್ತಿಗೆ ಮೊಣಕಾಲು ಎರಡೂ ಕೈಕೊಟ್ಟವು. ಕಲಬುರ್ಗಿಯ ಡಾಕ್ಟರು ಪಾದಯಾತ್ರೆಯ ಹೆಸರೆತ್ತಬೇಡಿ ಎಂದರು. ಜೀಪಿನಲ್ಲಿ ಹೋಗಿ ಬನ್ನಿ ಎಂದು ನಾನು ಹೇಳಿದೆ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಚಹಾವನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದರು.

ಆಗ ಬಂತು ಕರೆಂಟಿನ ಗಾಡಿ. ಎರಡು ಸಾವಿರದ ಏಳೆಂಟರ ಸುಮಾರಿಗೆ ಹುಮನಾಬಾದಿನ ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಅದು ನಿಂತಿತ್ತು. ನೋಡಲು ಸಣ್ಣ ಮೊಪೆಡ್ಡು, ಸದ್ದಿಲ್ಲ, ಹೊಗೆಯಿಲ್ಲ, ಕಾಲ ಕೆಳಗೆ ಎರಡು ಪೆಡಲು. ಆಟದ ಸಾಮಾನೆಂದು ಊರೆಲ್ಲ ನಕ್ಕಿತು. ಬಾಯಿ ಆ ಪೆಡಲುಗಳನ್ನು ನೋಡಿದರು. ಮರುದಿನ ಮುಂಜಾನೆಯೇ ನಮ್ಮ ಓಣಿಯ ತಿರುವಿನಲ್ಲಿ ಹಳೆಯ ಕೂಗು ಮತ್ತೆ ಎದ್ದಿತು. ನಾನು ಹಿಟ್ಟಿನ ಕೈಯಲ್ಲೇ ಹೊರಗೋಡಿದೆ. ಅರವತ್ತರ ಹೆಂಗಸು ಹದಿನಾರರ ಹುಡುಗಿಯ ಹಾಗೆ ನಗುತ್ತ ಓಣಿಯಲ್ಲಿ ಸುತ್ತು ಹೊಡೆಯುತ್ತಿದ್ದರು.

ತಂಡದ ಹಿರಿಯ ಧೂಳಪ್ಪ ಮಾಮಾ, ಬಸವಕಲ್ಯಾಣದ ಬಟ್ಟೆ ಅಂಗಡಿಯವರು, ಸುತರಾಂ ಒಪ್ಪಲಿಲ್ಲ. ನೇಮನಿಷ್ಠೆಯ ಮನುಷ್ಯ. ಹಾದಿಯಲ್ಲಿ ಚಪ್ಪಲಿ ಮೆಟ್ಟಿದವರನ್ನು ತಂಡದಿಂದ ಹೊರಗಿಟ್ಟವರು.

"ಬಾಯಿ, ಗಾಡಿ ಮ್ಯಾಲ ಬಂದ್ರ ಅದು ಪಾದಯಾತ್ರಾ ಹ್ಯಾಂಗ ಆಗತದ್ರಿ?" ಎಂದರು.

"ಪೆಡಲ್ ಅದ ನೋಡ್ರಿ ಮಾಮಾ. ಕಾಲಿಗೂ ಕೆಲಸ ಅದ."

ದೊಡ್ಡ ಪಂಚಾಯಿತಿಯೇ ನಡೆಯಿತು. ಕುದುರೆ ಏರಿ ಹೋದವರಿಗೆ ದೇವಿ ಒಲಿದಿಲ್ಲವೇ ಎಂದು ಒಬ್ಬರು, ಕುದುರೆಗೆ ಜೀವವಿದೆ, ಬ್ಯಾಟರಿಗೆ ಎಲ್ಲಿದೆ ಎಂದು ಇನ್ನೊಬ್ಬರು. ಕೊನೆಗೆ ಬಾಯಿಯೇ ಪಣ ಕಟ್ಟಿದರು. ತುಳಜಾಪುರದ ಘಾಟನ್ನು ತಾವೇ ಏರಬೇಕು. ಯಾರಾದರೂ ನೂಕಿದರೆ, ಇಲ್ಲವೇ ಟೆಂಪೋದಲ್ಲಿ ಕೂಡಿಸಿಕೊಂಡು ಹೋಗುವ ಹಾಗಾದರೆ, ಮುಂದಿನ ವರ್ಷದಿಂದ ಮನೆಯಲ್ಲೇ ಕೂಡುತ್ತೇನೆ ಎಂದರು. ಕೂಡುತ್ತೇನೆ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹೊರಟೆವು. ನಾವು ನಡೆಯುವುದು, ಅವರು ನಮ್ಮ ಜೊತೆಗೆ ಮೆಲ್ಲಗೆ ಗಾಡಿ ಬಿಡುವುದು. ಉಮರ್ಗಾ, ನಳದುರ್ಗ, ಎಲ್ಲಿ ತಂಗಿದರೂ ಬಾಯಿ ಮೊದಲು ಕೇಳುತ್ತಿದ್ದುದು ನೀರನ್ನಲ್ಲ, ಪ್ಲಗ್ಗನ್ನು. ಶಾಲೆಯ ಜವಾನ, ಢಾಬಾದ ಸರ್ದಾರ್, ಮಠದ ಅಡುಗೆಯವನು, ಯಾರೂ ಇಲ್ಲವೆನ್ನಲಿಲ್ಲ. ಅವರ ಕೇಳುವ ದನಿಗೆ ಇಲ್ಲವೆನ್ನುವುದು ಸುಲಭವೂ ಇರಲಿಲ್ಲ.

ಎರಡನೆಯ ದಿನ ಒಬ್ಬಾಕೆ ತನ್ನ ಗಂಟನ್ನು ಗಾಡಿಯ ಹಿಡಿಕೆಗೆ ನೇತುಹಾಕಿದಳು. ಇದೊಂದೇ ಇರಲಿ ಬಾಯಿ ಎಂದಳು. ಬಾಯಿ ಹೂಂ ಎಂದರು. ಬೇಡ ಎನ್ನುವ ಮಾತು ಅವರಿಗೆ ಬಂದಿದ್ದೇ ಇಲ್ಲ. ಅಷ್ಟೇ ಸಾಕಾಯಿತು. ರೊಟ್ಟಿಯ ಗಂಟು, ಅದಕ್ಕೆ ನಂಜಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ, ನೀರಿನ ಕ್ಯಾನು, ಯಾರದೋ ಭಜನೆಯ ತಾಳ, ಒಂದೊಂದೇ ಏರಿದವು. ಗಾಡಿ ಯಾತ್ರೆಗೆ ಸಲ್ಲದು ಎಂದು ವಾದಿಸಿದವರ ಚೀಲಗಳೇ ಮೊದಲು ಹತ್ತಿದ್ದು. ಘಾಟಿನ ಬುಡ ಮುಟ್ಟುವಾಗ ನೋಡುತ್ತೇನೆ, ಧೂಳಪ್ಪ ಮಾಮಾನ ಹಾಸಿಗೆಯ ಸುರುಳಿಯೂ ಅಲ್ಲಿದೆ. ಸಂತೆ ಮುಗಿಸಿ ಹೊರಟ ಗಾಡಿಯ ಹಾಗೆ ಕಾಣುತ್ತಿತ್ತು. ಎಲ್ಲರಿಗೂ ಭಾರ ಇಳಿದ ಹಗುರ. ಆ ಭಾರ ಎಲ್ಲಿಗೆ ಹೋಯಿತೆಂದು ಯಾರಿಗೂ ಹೊಳೆಯಲಿಲ್ಲ.

"ಉದೋ ಉದೋ" ಎಂದು ಕೂಗಿ ಏರತೊಡಗಿದೆವು. ಓಹ್, ಆ ಮುಂಜಾನೆ! ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಸಿರು ಕಣಿವೆ. ಲಾರಿಗಳು ನರಳುತ್ತ ಏರುತ್ತಿದ್ದರೆ ಬಾಯಿ ಸದ್ದಿಲ್ಲದೆ ಅವುಗಳ ಪಕ್ಕದಲ್ಲೇ ಸಾಗುತ್ತಿದ್ದರು. ಲಾರಿಯವರು ತಲೆ ಹೊರಗೆ ಹಾಕಿ ನೋಡಿ ಹಾರ್ನ್ ಹೊಡೆದರು. ನಾನು ಕಾಲಿನ ಬೊಬ್ಬೆ ಮರೆತು ಹಿಂದೆ ಹಿಂದೆ ಓಡಿದೆ. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಆಮೇಲೆ ಗಾಡಿ ಮೆತ್ತಗಾಯಿತು, ಇನ್ನೂ ಮೆತ್ತಗಾಯಿತು, ಅರ್ಧ ಘಾಟಿನ ತಿರುವಿನಲ್ಲಿ ನಿಂತೇಬಿಟ್ಟಿತು.

ಬಾಯಿ ಪೆಡಲ್ ತುಳಿದರು. ಒಂದು ಸುತ್ತು, ಎರಡು ಸುತ್ತು. ಮುಖ ಬೆಳ್ಳಗಾಯಿತು. ಜನ ಆಗ ಎಚ್ಚೆತ್ತು, ಗಡಬಡಿಸಿ ತಮ್ಮ ತಮ್ಮ ಗಂಟುಗಳನ್ನು ಬಿಚ್ಚಿಕೊಂಡರು. ಧೂಳಪ್ಪ ಮಾಮಾ ಹಾಸಿಗೆಯನ್ನು ಕಂಕುಳಲ್ಲಿ ಹಿಡಿದು, ಯಾರ ಕಡೆಯೂ ನೋಡದೆ ನಿಂತರು. ಇಬ್ಬರು ಗಂಡಸರು ಗಾಡಿಯ ಹಿಂದೆ ಕೈ ಇಟ್ಟರು.

"ಕೈ ಹಚ್ಚಬ್ಯಾಡ್ರಿ," ಎಂದರು ಬಾಯಿ. ಕೂಗಲಿಲ್ಲ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ರಸ್ತೆಯ ಅಂಚಿನ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟರು. ಕಸ್ತೂರಿಬಾಯಿ ಕೂತದ್ದು! ನನಗೆ ಅಳು ಬಂತು. ಎಲ್ಲ ಮುಗಿಯಿತು ಎಂದುಕೊಂಡೆ. ನಾವೂ ಸಾಲಾಗಿ ಕೂತೆವು. ಹಿಂದಿನಿಂದ ಬಂದ ತಂಡಗಳು ನಮ್ಮನ್ನು ದಾಟಿ ಹೋದವು.

ಸುಮಾರು ಹೊತ್ತಾದ ಮೇಲೆ ಬಾಯಿ ಎದ್ದು, ಯಾಕೋ ಏನೋ, ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು. ಹತ್ತಿ ಕೂತರು. ಗಾಡಿ ಹೊರಟಿತು! ನಾವು ಎದ್ದುಬಿದ್ದು ಓಡಿದೆವು. ಒಂದಿಷ್ಟು ದೂರ ಏರಿ ಮತ್ತೆ ನಿಂತಿತು. ಮತ್ತೆ ಕೂತೆವು. ಮತ್ತೆ ಕೀಲಿ, ಮತ್ತೆ ದೀಪ, ಮತ್ತೆ ಓಟ. ದಣಿದ ಬ್ಯಾಟರಿಗೆ ಸುಮ್ಮನೆ ಬಿಟ್ಟರೆ ಒಂಚೂರು ಶಕ್ತಿ ಮರಳುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಪ್ರತಿಸಲ ಹೊರಟಾಗಲೂ ಹುಚ್ಚರ ಹಾಗೆ ಕೇಕೆ ಹಾಕಿದೆವು.

ಕೊನೆಯ ತಿರುವಿಗೆ ಮುನ್ನ ಧೂಳಪ್ಪ ಮಾಮಾ ಬಾಯಿಯ ಪಕ್ಕದಲ್ಲಿ ಬಂದು ಕೂತರು.

"ಇದಕ್ಕೂ ದಮ್ಮ ಹತ್ತತದ ಬಾಯಿ. ನಿಲ್ಲತದ, ಕೂಡತದ, ಮತ್ತ ಏಳತದ. ನಮ್ಮಂಗೇ ನಡ್ಯಾಕತ್ತದ. ಯಾತ್ರಾ ಆಯ್ತು ತಗೋರಿ."

ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಕೀಲಿ ತಿರುಗಿಸಿ, ಘಾಟಿನ ತಲೆಗೆ ತಾವೇ ಏರಿದರು. ಮೇಲೆ ಗಾಡಿ ನಿಲ್ಲಿಸಿ, ಅದರ ಹಿಡಿಕೆ ಬಿಡದೆ, ಗುಡಿಯ ದಿಕ್ಕಿಗೆ ಹಣೆ ಬಾಗಿಸಿದರು. ಅವತ್ತಿನಷ್ಟು ಸಂತೋಷ ನನಗೆ ನನ್ನ ಮಗಳ ಮದುವೆಯಲ್ಲೂ ಆಗಿಲ್ಲ. ಇದನ್ನು ಮಗಳಿಗೂ ಹೇಳಿದ್ದೇನೆ.

ಮರುವರ್ಷವೂ ಹಾಗೆಯೇ ಏರಿದರು. ಗಂಟುಗಳನ್ನು ಯಾರೂ ಹೇರಲಿಲ್ಲ, ಆದರೂ ಗಾಡಿ ಅದೇ ತಿರುವಿನಲ್ಲಿ ನಿಂತಿತು, ನಾವೂ ಅದೇ ಕಟ್ಟೆಯ ಮೇಲೆ ಕೂತು ಶೇಂಗಾ ತಿಂದೆವು. ಅದರ ಮುಂದಿನ ಬೇಸಿಗೆಯಲ್ಲಿ ಬಾಯಿ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು. ಆಸ್ಪತ್ರೆಗೆ ಕರೆದೊಯ್ಯಲು ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಡಗಿಯಿಂದ ಬಂದ ಹೆಂಗಸರಿಂದಲೇ ನಮ್ಮ ಓಣಿ ತುಂಬಿಹೋಯಿತು.

ಆ ವರ್ಷ ಗಾಡಿಯಿಲ್ಲದೆ ಘಾಟ ಏರಿದೆವು. ಅರ್ಧಕ್ಕೆ ಬಂದಾಗ ಧೂಳಪ್ಪ ಮಾಮಾ ಅದೇ ಕಟ್ಟೆಯ ಮೇಲೆ ಕೂತರು. ಯಾರಿಗೂ ಅಷ್ಟೇನೂ ದಣಿವಾಗಿರಲಿಲ್ಲ, ಆದರೂ ಎಲ್ಲರೂ ಕೂತೆವು. ತಂಡಕ್ಕೆ ಹೊಸದಾಗಿ ಬಂದ ಸೊಸೆಯೊಬ್ಬಳು ನಮ್ಮನ್ನು ನೋಡಿದಳು. ಇಲ್ಲಿ ಯಾವುದೋ ದೇವರ ಠಾವು ಇರಬೇಕೆಂದುಕೊಂಡು, ಗಂಟಿನಿಂದ ಕುಂಕುಮ ತೆಗೆದು ಆ ಕಲ್ಲಿಗೆ ಹಚ್ಚಿ, ಬಾಗಿ ನಮಸ್ಕಾರ ಮಾಡಿದಳು. ನೇಮದ ಧೂಳಪ್ಪ ಮಾಮಾ ಸುಮ್ಮನೆ ನೋಡುತ್ತಿದ್ದರು. ಅವರೂ ಬೇಡ ಎನ್ನಲಿಲ್ಲ, ನಾವೂ ಎನ್ನಲಿಲ್ಲ.