ದೊಡ್ಡಮ್ಮ ತಿದ್ದಿದ ಕೈ

ಮೊನ್ನೆ ನನ್ನ ಸ್ಕೂಟರ್ ರಿಪೇರಿ ಮುಗಿಸಿದ ಮೆಕ್ಯಾನಿಕ್ ಕೈ ಒರೆಸಿಕೊಳ್ಳಲು ವೇಸ್ಟು ದಾರದ ಉಂಡೆ ಎತ್ತಿಕೊಂಡ. ಮಗ್ಗದ ಮನೆಗಳಿಂದ ತಂದ ಬಣ್ಣಬಣ್ಣದ ದಾರ. ಎಣ್ಣೆ, ನೂಲು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡ ಮಣಿಕಟ್ಟು ತುರಿಸತೊಡಗಿತು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎದುರುಮನೆಯವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರ ಮನೆಯಲ್ಲಿ ನಾಲ್ಕು ಮಗ್ಗಗಳಿದ್ದವು, ಅಮ್ಮ ಅಲ್ಲಿ ನೂಲು ಸುತ್ತುವ ಕೆಲಸಕ್ಕಿದ್ದಳು. ಓರಗೆಯ ಹೆಂಗಸರಲ್ಲಿ ಸಹಿ ಹಾಕಲು ಬರುತ್ತಿದ್ದದ್ದು ದೊಡ್ಡಮ್ಮನಿಗೊಬ್ಬರಿಗೇ, ಆ ಜಂಬ ಅವರ ನಡಿಗೆಯಲ್ಲೇ ಇತ್ತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಅಕ್ಷರ ಸೊಟ್ಟ, ಒತ್ತು ದೀರ್ಘ ಒಂದೂ ಸರಿಯಿಲ್ಲ, ಮನೆಯಲ್ಲಿ ಯಾರಾದರೂ ತಿದ್ದಿಸಿ ಎಂದು ಮಿಸ್ ಹೇಳಿದರು. ಅಮ್ಮನಿಗೆ ಓದು ಬಾರದು. ನನ್ನನ್ನು ದೊಡ್ಡಮ್ಮನ ಮುಂದೆ ಕೂರಿಸಿದಳು.

ನಾನು ಪೆನ್ಸಿಲ್ ಹಿಡಿದದ್ದನ್ನು ನೋಡಿ ದೊಡ್ಡಮ್ಮ ಮುಖ ಸಿಂಡರಿಸಿದರು.

"ಎಡಚಿ ಕಣೇ ಇವ್ಳು. ನಾಳೆ ಎಡಗೈಲಿ ಬಡಿಸೋಳ್ನ ಯಾರು ಮನೆ ತುಂಬಿಸ್ಕೋತಾರೆ?"

ವೇಸ್ಟು ದಾರ ಹೊಸೆದು ನನ್ನ ಎಡಗೈಯನ್ನು ಮಂಚದ ಕಾಲಿಗೆ ಕಟ್ಟಿದರು. ಆಮೇಲೆ ಅದು ದಿನಚರಿಯೇ ಆಯಿತು. ಮಗ್ಗದ ಸದ್ದಿನ ನಡುವೆ ಅವರು ಪದಗಳನ್ನು ಕೂಗಿ ಹೇಳುವುದು, ನಾನು ಬಲಗೈಯಲ್ಲಿ ಬರೆಯುವುದು. ತಪ್ಪಾದರೆ ಕಟ್ಟಿದ ಕೈಗೇ ಏಟು. ಏಟು ಹೇಗೋ ತಡೆಯಬಹುದಿತ್ತು. ಒಂದು ಸಂಜೆ ಕೆಂಜಿಗ ಇರುವೆಗಳು ಆ ಕೈಯನ್ನು ಹತ್ತಿದವು... ಬಿಡಿಸಿ ಎಂದು ಅತ್ತೆ. ಪುಟ ಮುಗಿಸು ಎಂದರು. ಮೂರು ಮಾರು ದೂರದಲ್ಲಿದ್ದ ಅಮ್ಮ ಒಮ್ಮೆ ನೋಡಿ, ತಲೆ ತಗ್ಗಿಸಿ ಮತ್ತೆ ನೂಲು ಸುತ್ತತೊಡಗಿದಳು. ಎದುರಾಡಿದರೆ ಅವಳ ಕೆಲಸ ಹೋಗುತ್ತಿತ್ತು. ಅದು ಈಗ ಅರ್ಥವಾಗುತ್ತದೆ, ಆದರೂ ಹೊಟ್ಟೆ ಉರಿಯುತ್ತದೆ.

ದೊಡ್ಡಮ್ಮ ಗೆದ್ದರು, ಅದನ್ನು ಹೇಳಲೇಬೇಕು. ಮರುವರ್ಷ ಶಾಲೆಯಲ್ಲಿ ಕೈಬರಹಕ್ಕೆ ನನಗೇ ಬಹುಮಾನ ಬಂತು. ನನ್ನ ಬಲಗೈ ಎತ್ತಿ ಹಿಡಿದು ಬೀದಿಗೆಲ್ಲ ತೋರಿಸಿಕೊಂಡು ಬಂದರು. ಮುತ್ತು ಪೋಣಿಸಿದ ಹಾಗಿದೆ ಎಂದು ನನ್ನ ಅಕ್ಷರವನ್ನು ಈಗಲೂ ಜನ ಹೊಗಳುತ್ತಾರೆ. ಹೊಗಳಿದವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಹೋದ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಸುದ್ದಿ ಕೇಳಿ ಒಳಗೊಳಗೇ ಖುಷಿಪಟ್ಟು ನೋಡಲು ಹೋದೆ. ತಟ್ಟೆಯ ತುಂಬ ಅನ್ನವಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಎಡಗೈಯಲ್ಲಿ ಉಣ್ಣುವುದಿಲ್ಲವಂತೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ ಸೊಸೆ ಶಿಫ್ಟು ಮುಗಿಸಿ ಬಂದು ತಿನ್ನಿಸಬೇಕು. ಆದರೆ ಅವರಿಗೆ ಅನ್ನದ ಚಿಂತೆಯೇ ಇರಲಿಲ್ಲ.

"ಎಲ್ಲಾ ಕಡೆ ಹೆಬ್ಬೆಟ್ಟು ಒತ್ತಿಸ್ತಾರೆ ಕಣವ್ವಾ," ಎಂದರು ತೊದಲುತ್ತಾ. "ನಿಂಗೆ ಎಡಗೈಲಿ ಬರ‍್ದು ರೂಢಿ ಇತ್ತಲ್ಲ. ನನ್ನ ಹೆಸ್ರು ಬರ‍್ಯೋದು ಹೇಳ್ಕೊಡು. ಸಾಯೋದ್ರೊಳ್ಗೆ ಒಂದ್ಸಲ..."

ನನ್ನ ಖುಷಿ ಅಲ್ಲೇ ಸತ್ತಿತು. ಪೆನ್ನನ್ನು ಎಡಗೈಗೆ ತೆಗೆದುಕೊಂಡೆ. ಬೆರಳುಗಳಿಗೆ ಹಿಡಿಯುವುದೇ ತಿಳಿಯಲಿಲ್ಲ. ಮೊದಲ ಅಕ್ಷರ ಕುಸಿಯಿತು. ಮತ್ತೆ ಬರೆದೆ, ಅದೂ ಕುಸಿಯಿತು. ಅವರು ಬಗ್ಗಿ ನೋಡಿದರು.

"ಥೂ. ಇದೇನೇ, ಕೋಳಿ ಕೆರ‍್ದಂಗೆ?"

"ನೀವು ಕಟ್ಟಿದ್ದ ಕೈ ದೊಡ್ಡಮ್ಮಾ ಇದು."

"ಕಟ್ಟಿದ್ದಕ್ಕೇ ಅಲ್ವಾ ನೀನು ಉದ್ಧಾರ ಆಗಿದ್ದು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಈ ಆಷಾಢದಲ್ಲಿ ಹೋಗಿಬಿಟ್ಟರು, ಹೆಸರು ಬರೆಯದೆಯೇ. ಅವರು ಸತ್ತದ್ದಕ್ಕೆ ನನಗೆ ಅಳು ಬರಲಿಲ್ಲ. ಆದರೆ ಆ ದಿನ ಅವರಿಗೆ ಹೇಳಿಕೊಡಬೇಕೆಂಬ ಆಸೆ ನನಗೆ ನಿಜವಾಗಿಯೂ ಇತ್ತು. ಕೈ ಮಾತ್ರ ಇರಲಿಲ್ಲ.