ನಾನು ಕಂಡುಹಿಡಿದ ಗೆಡ್ಡೆ

ನಾನು ಓದು ನಿಲ್ಲಿಸಿದ್ದು ೧೯೭೯ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆಗೆ ಇನ್ನೆರಡು ತಿಂಗಳಿರುವಾಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನನ್ನ ಮಾತಿನ ಗತ್ತು ನೋಡಿ ನೀವು ನನ್ನನ್ನು ಡಾಕ್ಟರೆಂದು ತಿಳಿಯುವ ಅಪಾಯವಿದೆ. ಹಾಗೆ ತಿಳಿದು ಕೆಟ್ಟವರಲ್ಲಿ ಮೊದಲನೆಯವನು ನಾನೇ.

ಮೊನ್ನೆ ಸಂಜೆ ಪಾಂಡವಪುರದಲ್ಲಿ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ತಿನ್ನಲಿಕ್ಕಲ್ಲ, ವಾಸನೆಗೆ. ಗಾಡಿಯವನು ಬಾಣಲೆಗೆ ವಿನಿಗರ್ ಸುರಿದಾಗ ಮೂಗಿಗೆ ಹೊಡೆಯುವ ಹುಳಿ ಘಾಟಿದೆಯಲ್ಲ, ಅದು ನನಗೆ ಡಾರ್ಕ್‌ರೂಮಿನ ವಾಸನೆ. ಎಕ್ಸ್‌ರೇ ಫಿಲ್ಮು ತೊಳೆಯುತ್ತಿದ್ದ ದ್ರಾವಣಕ್ಕೂ ಇದೇ ಘಾಟು. ಕಣ್ಣು ಮುಚ್ಚಿ ಸವಿಯುತ್ತಿದ್ದವನ ಮುಂದೆ ನಮ್ಮ ಬೀದಿಯ ರಮೇಶ ಫೋನು ಹಿಡಿದ. ಅವನಿಗೆ ಮಗಳು ಹುಟ್ಟಿ ಮೂರು ದಿನ.

“ಮಾವ, ಪಾಪುದು ಎದೆ ಎಕ್ಸ್‌ರೇ. ಒಸಿ ನೋಡಿ ಏಳಿ, ಏನೈತೆ?”

ಕನ್ನಡಕ ಹಾಕಿಕೊಂಡೆ. ನಾನು ಅವನಿಗೆ ಏನು ಹೇಳಿದೆನೆಂಬುದನ್ನು ನಿಮಗೆ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನೀವು ನನ್ನ ಜೊತೆ ತೊಂಬತ್ತರ ದಶಕಕ್ಕೆ ಬರಬೇಕು.

ಆಗ ನಾನು ಇದೇ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ಕೋಣೆಯವನು. ಗುಡಿಸುವವನು, ಗುಂಡಿ ಒತ್ತುವವನು, ಕೆಂಪು ಬಲ್ಬಿನ ಕೆಳಗೆ ಫಿಲ್ಮು ತೊಳೆಯುವವನು, ಎಲ್ಲ ನಾನೇ. ಕೆಲಸದಲ್ಲಿ ಮಾತ್ರ ನಾನು ಯಾರಿಗೂ ಕಮ್ಮಿಯಿರಲಿಲ್ಲ. ಹಸುಗೂಸಿನ ಎದೆಯ ಫಿಲ್ಮು ತೆಗೆಯುವುದು ಹುಡುಗಾಟವಲ್ಲ. ತಾಯತ, ಕರಿಮಣಿ ಎಲ್ಲ ಬಿಚ್ಚಿಸಬೇಕು. ಒಬ್ಬರು ಅದರ ಕೈಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಕಾಲು. ದೊಡ್ಡವರಿಗೆ ಹೇಳಿದಂತೆ “ಉಸಿರು ಎಳ್ಕೊಳ್ಳಿ, ಬುಡಬ್ಯಾಡಿ” ಎಂದು ಅದಕ್ಕೆ ಹೇಳಲಾಗದು. ಅದರ ಹೊಟ್ಟೆಯನ್ನೇ ನೋಡುತ್ತ ಕಾದಿದ್ದು, ಉಸಿರು ಒಳಗೆ ಹೋದ ಕ್ಷಣಕ್ಕೆ ಒತ್ತಬೇಕು. ಇದರಲ್ಲಿ ನನ್ನನ್ನು ಮೀರಿಸುವವರು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಇರಲಿಲ್ಲ. ಈಗಲೂ ಹೇಳುತ್ತೇನೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಫಿಲ್ಮು ತೊಳೆಯುವವನಿಗೆ ಅದನ್ನು ಓದಲೂ ಬರುತ್ತದೆ ಎಂದು ನನಗೆ ಯಾವಾಗ ಅನ್ನಿಸತೊಡಗಿತೋ ಕಾಣೆ. ಬೀದಿಬೀದಿ ತಿರುಗಿ ಕಾಗದ ಹಂಚುವ ಪೋಸ್ಟ್‌ಮ್ಯಾನಿಗೆ ಅವೆಲ್ಲ ತನಗೇ ಬರೆದವು ಅನ್ನಿಸಿದ ಹಾಗೆ. ಡಾಕ್ಟರಮ್ಮ ಹಳೆಯದೊಂದು ಬಿಳಿ ಕೋಟು ಕೊಟ್ಟಿದ್ದರು, ಬಟ್ಟೆಗೆ ಕಲೆಯಾಗದಿರಲೆಂದು. ನಾನು ಅದನ್ನು ಹಾಕಿಕೊಂಡೇ ಟೀ ಅಂಗಡಿಗೂ ಹೋಗುತ್ತಿದ್ದೆ. ಕೆ.ಆರ್. ಪೇಟೆಯ ಅತ್ತೆ ಮನೆಗೂ ಒಮ್ಮೆ ಹಾಗೇ ಹೋಗಿದ್ದೆ. ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು “ಕಫ ಕಟ್ಟೈತೆ”, “ಏನೂ ಇಲ್ಲ, ನಡಿ” ಎಂದು ತೀರ್ಪು ಕೊಡುವುದು ರೂಢಿಯಾಗಿತ್ತು. ಕಾದು ಕೂತವರಿಗೆ ಡಾಕ್ಟರಮ್ಮನಿಗಿಂತ ಮೊದಲು ಸಿಗುತ್ತಿದ್ದವನು ನಾನೇ ಅಲ್ಲವೆ?

ಒಂದು ದಿನ ಬೆಳಿಗ್ಗೆ ಮಾಕವಳ್ಳಿ ಕಡೆಯ ಹುಡುಗಿಗೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಹುಟ್ಟಿದಾಗಿನಿಂದ ಎಲ್ಲಿಂದಲೋ ಓಡಿ ಬಂದಂತೆ ಏದುಸಿರು, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಡಾಕ್ಟರಮ್ಮ ಆಕ್ಸಿಜನ್ ಹಾಕಿಸಿ, ಫಿಲ್ಮು ತೆಗೆಯಲು ಹೇಳಿ, ನರ್ಸನ್ನು ಕರೆದುಕೊಂಡು ಇನ್ನೊಂದು ಹೆರಿಗೆಗೆ ಒಳಗೆ ಹೋದರು. ಮಗುವಿನ ಕೈ ಹಿಡಿದುಕೊಂಡವಳು ಅಜ್ಜಿ, ಚನ್ನಾಜಮ್ಮ. ಫಿಲ್ಮು ತೆಗೆದು ಮಗುವನ್ನು ಮತ್ತೆ ಆಕ್ಸಿಜನ್ನಿಗೆ ಮಲಗಿಸಿದೆವು.

ತೊಳೆದು ನೋಡುತ್ತೇನೆ, ಹೃದಯದ ಬಲಕ್ಕೆ, ಮೇಲ್ಗಡೆ, ಮಡಚಿದ ವೀಳ್ಯದೆಲೆಯಂಥ ಮೂರು ಮೂಲೆಯ ಬಿಳಿ ನೆರಳು. ನಾನು ಅದುವರೆಗೆ ನೋಡಿದ್ದು ಹೆಚ್ಚಾಗಿ ಬೀಡಿ ಸೇದುವ ಗಂಡಸರ ಎದೆ. ಅವರಿಗೆ ಅಲ್ಲಿ ಬಿಳಿ ಕಂಡರೆ ಕತೆ ಮುಗಿದಂತೆ. ಹಸುಗೂಸೂ ಒಂದು ಸಣ್ಣ ಗಂಡಸೇ ಎಂಬುದು ನನ್ನ ಲೆಕ್ಕ.

“ಅಜ್ಜಿ, ಎದೇಲಿ ಗೆಡ್ಡೆ ಐತೆ” ಅಂದೆ.

“ಗೆಡ್ಡೇನಾ ಸ್ವಾಮಿ? ವಾಸಿ ಆಯ್ತದಾ?”

ಡಾಕ್ಟರುಗಳು ಅಲ್ಲಾಡಿಸುವಂತೆ ತಲೆ ಅಲ್ಲಾಡಿಸಿದೆ, ಹೌದೋ ಅಲ್ಲವೋ ತಿಳಿಯದ ಹಾಗೆ. ಆಮೇಲೆ ಟೀ ಕುಡಿಯಲು ಹೋದೆ.

ಬಂದಾಗ ಡಾಕ್ಟರಮ್ಮ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನಗುತ್ತಿದ್ದರು. “ಚೆನ್ನಾಗಿ ತೆಗೆದಿದ್ದೀಯ ಕಣಯ್ಯ. ಇಲ್ಲಿ ತೆಳ್ಳಗೆ ಒಂದು ಗೆರೆ ಇದೆ ನೋಡು, ಅದು ನೀರು. ಹೊಟ್ಟೆಯೊಳಗಿದ್ದಾಗ ಪುಪ್ಪುಸದಲ್ಲಿದ್ದದ್ದು, ಇನ್ನೂ ಆರಿಲ್ಲ. ಎರಡು ದಿನ ಆಕ್ಸಿಜನ್ ಕೊಟ್ಟರೆ ಸರಿಹೋಗುತ್ತೆ.”

“ಮತ್ತೆ ಈ ಗೆಡ್ಡೆ?”

“ಗೆಡ್ಡೆಯಲ್ಲವೋ, ಅದು ತೈಮಸ್ಸು ಅನ್ನೋ ಗ್ರಂಥಿ. ಹಸುಗೂಸಿಗೆ ಇರಬೇಕಾದ್ದೇ. ಬೆಳೀತಾ ಬೆಳೀತಾ ತಾನೇ ಕರಗುತ್ತೆ.”

ಒಳಗೆ ಹೋದರೆ ತೊಟ್ಟಿಲು ಖಾಲಿ. ಆಕ್ಸಿಜನ್ ನಳಿಕೆ ಬರಿಯ ಬಟ್ಟೆಯ ಮೇಲೆ ಬುಸುಗುಡುತ್ತಿತ್ತು. ಬಾಣಂತಿ ಏಳಲಾರದೆ ಮಲಗಿದಲ್ಲೇ ಅಳುತ್ತಿದ್ದಳು. “ನಮ್ಮವ್ವ ಎತ್ಕೊಂಡು ಓದ್ಲು. ಗೆಡ್ಡೇಗೆ ಬರೆ ಆಕ್ಸುದ್ರೆ ಕರಗ್ತದಂತೆ. ನಾಗಮಂಗ್ಲದ ತಾವು ಯಾರೋ ಅವ್ರಂತೆ.”

ಬರೆ ಎಂದರೆ ಕಾಸಿದ ಬಳೆಯನ್ನು ಮಗುವಿನ ಎದೆಗೆ ಮುಟ್ಟಿಸುವುದು. ಡಾಕ್ಟರಮ್ಮ ನನ್ನ ಮುಖ ನೋಡಿದರು. ಬೈಯಲಿಲ್ಲ. “ಓಡು” ಅಂದರು.

ಬಸ್‌ಸ್ಟ್ಯಾಂಡಿಗೆ ಓಡಿದೆ. ನಾಗಮಂಗಲದ ಬಸ್ಸು ಇಂಜಿನ್ ಹಾಕಿಕೊಂಡು ನಿಂತಿತ್ತು. ಚನ್ನಾಜಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಸೆರಗಿನಲ್ಲಿ ಮಗು, ಅದರ ತುಟಿ ನೀಲಿಗೆ ತಿರುಗಿತ್ತು.

“ಅಜ್ಜಿ, ಇಳೀರಿ. ಗೆಡ್ಡೆ ಇಲ್ಲ.”

“ಈಗ್ತಾನೆ ನೀನೇ ಐತೆ ಅಂದ್ಯಲ್ಲಪ್ಪಾ?”

“ಡಾಕ್ಟ್ರಮ್ಮ ನೋಡುದ್ರು, ಇಲ್ಲ ಅಂದ್ರು.”

“ಆಯಮ್ಮ ಆಸ್ಪತ್ರೇಲಿ ಮಡಿಕ್ಕೊಳಕ್ಕೆ ಅಂಗಂತಾಳೆ. ನೀನು ದೊಡ್ಡ್ ಡಾಕ್ಟ್ರು, ಸುಳ್ಳೇಳಿಯಾ?”

ನೋಡಿ, ನಾನು ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ್ದ ಹೆಸರು! ಅದೀಗ ನನಗೇ ಎದುರು ನಿಂತಿತ್ತು. ಕಂಡಕ್ಟರು ಸೀಟಿ ಬಾಯಿಗಿಟ್ಟು, “ಡಾಕ್ಟ್ರೇ, ಅತ್ತಂಗಿದ್ರೆ ಅತ್ತಿ, ಇಲ್ದಿದ್ರೆ ದಾರಿ ಬುಡಿ” ಅಂದ.

ಹತ್ತಿದೆ. ಬಸ್ಸಿನ ತುಂಬ ಜನ. ಅರ್ಧ ಜನಕ್ಕೆ ನನ್ನ ಗುರುತಿತ್ತು. ಆದರೆ ಮಗುವಿನ ಪಕ್ಕೆ ಒಳಕ್ಕೆ ಎಳೆಯುವುದು ಸೆರಗಿನ ಮೇಲಿಂದಲೇ ಕಾಣುತ್ತಿತ್ತು.

“ನಾನು ಡಾಕ್ಟ್ರಲ್ಲ ಕಣವ್ವಾ” ಅಂದೆ. “ಫಿಲ್ಮು ತೊಳ್ಯೋನು. ಏಳ್ನೇ ಕ್ಲಾಸೂ ಪಾಸಾಗಿಲ್ಲ. ಗೆಡ್ಡೆ ಅಂದುದ್ದು ಬರೀ ಜಂಬಕ್ಕೆ. ನಂಗೇನೂ ತಿಳೀದು.”

ಬಸ್ಸಿಗೆ ಬಸ್ಸೇ ನಕ್ಕಿತು. ಆಮೇಲೆ ಹಿಂದಿನ ಸೀಟಿನಿಂದ, “ಮತ್ಯಾಕ್ಲಾ ಬಿಳೀ ಕೋಟು?” ಇನ್ನೊಬ್ಬ, “ಲೇ, ನಮ್ಮಪ್ಪಂಗೆ ಟೀಬಿ ಇಲ್ಲ ಅಂದೋನು ಇವ್ನೇ ಕಣ್ಲಾ!”

ಚನ್ನಾಜಮ್ಮ ಮಾತ್ರ ನಗಲಿಲ್ಲ. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಬಿಚ್ಲಾ ಕೋಟು” ಅಂದಳು. ಬಿಚ್ಚಿ ಕೊಟ್ಟೆ. ಮಗುವನ್ನು ಅದರಲ್ಲಿ ಸುತ್ತಿಕೊಂಡು ಇಳಿದು, ನನಗಿಂತ ಮುಂದೆ ಆಸ್ಪತ್ರೆಗೆ ಓಡಿದಳು.

ಸಂಜೆಯ ಹೊತ್ತಿಗೆ ಮಗುವಿನ ತುಟಿ ಕೆಂಪಾಯಿತು. ಮೂರನೆಯ ದಿನ ಏದುಸಿರು ಪೂರ್ತಿ ನಿಂತಿತು. ಊರಿಗೆ ಹೊರಟಾಗಲೂ ಅದು ಅದೇ ಕೋಟಿನೊಳಗಿತ್ತು. ವಾಪಸು ಕೇಳುವ ಮುಖ ನನಗಿರಲಿಲ್ಲ. ಮುಂದೆ ಎಷ್ಟೋ ಕಾಲ, ನಾನು ಟೀ ಅಂಗಡಿಗೆ ಹೋದರೆ ಯಾರಾದರೊಬ್ಬರು ಬನ್ನು ಮುರಿದು ಬೆಳಕಿಗೆ ಹಿಡಿದು, “ಇದ್ರಲ್ಲಿ ಗೆಡ್ಡೆ ಐತಾ ನೋಡಣ್ಣಾ” ಅನ್ನುತ್ತಿದ್ದರು.

ರಮೇಶ ಇನ್ನೂ ಫೋನು ಹಿಡಿದೇ ನಿಂತಿದ್ದ. ಹೃದಯದ ಪಕ್ಕದಲ್ಲಿ ಅದೇ ವೀಳ್ಯದೆಲೆ. ನಾಲಿಗೆ ತುರಿಸಿತು. ಈ ಸಲ ಗೊತ್ತಿದೆ ಅನ್ನಿಸಿತು. ಆವತ್ತೂ ಹಾಗೇ ಅನ್ನಿಸಿತ್ತು.

“ಫಿಲ್ಮು ಚೆಂದಾಗಿ ಬಂದೈತೆ ಕಣ್ಲಾ, ಸರ್ಯಾಗಿ ಉಸಿರು ಎಳ್ಕೊಂಡಾಗ್ಲೇ ಒತ್ತವ್ನೆ. ಏನೈತೆ ಅಂತ ಡಾಕ್ಟ್ರ ಬಾಯಲ್ಲೇ ಕೇಳು. ನಡಿ, ನಾನೂ ಬತ್ತೀನಿ.”

“ನಿಮ್ಗೆ ಗೊತ್ತಾಗಲ್ವಾ ಮಾವ?”

“ಇಲ್ಲ” ಅಂದೆ. ಗೋಬಿ ಗಾಡಿಯ ಮುಂದೆ ನಾಲ್ಕು ಜನ ಕೇಳಿಸಿಕೊಂಡರು. ಏನೂ ಆಗಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಕೋಣೆಯ ಮನೆ, ಒಂದು ಹಸು, ಒಂದು ಕನ್ನಡಕ, ಫಿಲ್ಮು ತೂಗುಹಾಕುತ್ತಿದ್ದ ನಾಲ್ಕು ಉಕ್ಕಿನ ಹ್ಯಾಂಗರು. ಅವುಗಳ ಮೇಲೆ ಹೆಂಡತಿ ಟವೆಲ್ಲು ಒಣಹಾಕುತ್ತಾಳೆ. ಬಿಳಿ ಕೋಟು, ಸೊನ್ನೆ.